ಬೇಕು ಬಾಗಿಲಿನ ಸಾಲು

ಬಾಗಿಲು ಎರಡು, ಸಾಲು ಒಂದು. ಮುಂದೆ ನಿಂತವನಿಗೆ ಹಿಂದಿನವರು ಯಾಕೆ ನಿಂತಿದ್ದಾರೆಂದು ಗೊತ್ತಿಲ್ಲ. ಹಿಂದಿನವರಿಗೆ ಮುಂದಿನವನು ಯಾಕೆ ನಿಂತಿದ್ದಾನೆಂದು ಗೊತ್ತಿಲ್ಲ. ಆದರೂ ಎಲ್ಲರೂ ಸೇರಿ ಒಂದು ಸಂತೆಯನ್ನೇ ಎತ್ತಂಗಡಿ ಮಾಡಿದರು. ಏನದು?

ತಲೆ ಕೆರೆದುಕೊಳ್ಳಬೇಡಿ, ಸಿಗುವುದಿಲ್ಲ. ನಮಗೂ ಸಿಗಲಿಲ್ಲ. ಮಠದ ಜಗಲಿಯಲ್ಲಿ ಗುರುಗಳು ಹಾಕಿದ ಒಗಟು ಇದು. ಹಾಕಿದ್ದು ಗುರುಮಲ್ಲನಿಗೆ. ಗುರುಮಲ್ಲ ಮಠಕ್ಕೆ ಬರುವ ಪೇಪರನ್ನು ಎಲ್ಲರಿಗಿಂತ ಮೊದಲು ಓದುವ ಶಿಷ್ಯ. ಓದಿದ್ದು ಅರಗುವ ಮುಂಚೆಯೇ ಪ್ರಶ್ನೆ ಕೇಳುವುದು ಅವನ ಚಾಳಿ.

ಅವತ್ತು ಅವನು ಕೇಳಿದ್ದು ಇದು:

“ಬುದ್ಧಿ, ಬ್ರಿಟನ್ನಿನಲ್ಲಿ ಯಾವ ಸರ್ಕಾರ ಬಂದ್ರೂ ಸುಧಾರಣೆ, ಸುಧಾರಣೆ ಅಂತದಂತೆ. ಜನಾನೇ ಕೇಳಿದ್ರು ಅಂತದಂತೆ. ಜನ ನೋಡಿದ್ರೆ ಬೈಕೊಂಡು ಓಡಾಡ್ತಾರಂತೆ. ಹಂಗಾದ್ರೆ ಕೇಳಿದವರು ಯಾರು?”

ಗುರುಗಳು ಮೊದಲು ಒಗಟು ಹಾಕಿದರು. ನಾವು ಬಾಯಿ ಬಿಟ್ಟುಕೊಂಡು ಕೂತದ್ದನ್ನು ನೋಡಿ ಕತೆ ಹೇಳಿದರು.

ಆ ದೇಶದ ಒಂದು ಊರಿನಲ್ಲಿ ಒಬ್ಬ ಚೀಸ್ ವರ್ತಕನಿದ್ದ. ಚರ್ಚಿನ ಮುಂದಿನ ಬಯಲಿನಲ್ಲಿ ಪ್ರತಿ ಗುರುವಾರ ಸಂತೆ. ಬಯಲಿನ ಮೂಲೆಯಲ್ಲಿ ಅವನ ಅಂಗಡಿ. ಅವನ ತಾತ ಅಲ್ಲೇ ಮಾರಿದ್ದ, ಅಪ್ಪ ಅಲ್ಲೇ ಮಾರಿದ್ದ. ಸಂತೆ ಇದ್ದರೆ ಅವನಿಗೆ ಅನ್ನ. ಅಂದರೆ ಅಲ್ಲಿಯ ಲೆಕ್ಕದಲ್ಲಿ ಬ್ರೆಡ್ಡು.

ಸರ್ಕಾರದ ಬಗ್ಗೆ ಅವನ ನಿಲುವು ಚಿಕ್ಕದು. ಸರ್ಕಾರ ರಸ್ತೆಯ ಗುಂಡಿ ಮುಚ್ಚಬೇಕು, ಕಳ್ಳನನ್ನು ಹಿಡಿಯಬೇಕು, ತೆರಿಗೆ ಕಡಿಮೆ ಹಾಕಬೇಕು. ಮಿಕ್ಕ ಹೊತ್ತು ಕೈ ಕಟ್ಟಿಕೊಂಡು ಕೂತಿರಬೇಕು. ಸರಿಯಾಗಿ ನಡೆಯುತ್ತಿರುವುದಕ್ಕೆ ಕೈ ಹಾಕಬಾರದು.

ಒಂದು ದಿನ ಒಬ್ಬ ಮಂತ್ರಿ ಬಂದ. ಸಂತೆಯನ್ನು ಊರಾಚೆಯ ಕಾಂಕ್ರೀಟ್ ಕಟ್ಟಡಕ್ಕೆ ಸಾಗಿಸುತ್ತೇನೆ ಎಂದ.

“ಸಂತೆಗೆ ಏನಾಗಿದೆ ಅಂತ ಸ್ವಾಮಿ ಈ ರಿಪೇರಿ?” ಎಂದು ಕೇಳಿದ ವರ್ತಕ.

“ಏನೂ ಆಗಿಲ್ಲ. ಅದೇ ತೊಂದರೆ. ತಲೆಮಾರುಗಳಿಂದ ಏನೂ ಆಗಿಲ್ಲ,” ಎಂದ ಮಂತ್ರಿ.

ಆದರೂ ಜನರನ್ನು ಕೇಳಿಯೇ ಮಾಡಬೇಕು. ಮತಚೀಟಿ ಹಾಕಿಸುವಂತಿರಲಿಲ್ಲ, ಊರಿನ ವಿಷಯಕ್ಕೆ ಚೀಟಿ ಹಾಕುವುದನ್ನು ಹಿಂದಿನ ಸುಧಾರಣೆಯಲ್ಲಿ ತೆಗೆದುಹಾಕಿದ್ದರು. ಊರಿನ ಕಚೇರಿಗೆ ಎರಡು ಬಾಗಿಲು. ಮಂತ್ರಿ ಒಂದರ ಮೇಲೆ ‘ಬೇಕು’ ಎಂದು ಬರೆಸಿದ, ಇನ್ನೊಂದರ ಮೇಲೆ ‘ಬೇಡ’ ಎಂದು ಬರೆಸಿದ. ಬೆಳಿಗ್ಗೆ ಬಾಗಿಲು ತೆಗೆಯುವ ಹೊತ್ತಿಗೆ ಯಾವ ಸಾಲು ಉದ್ದವೋ ಅದೇ ಜನರ ಮಾತು.

ವರ್ತಕ ಎಲ್ಲರಿಗಿಂತ ಮೊದಲು ಬಂದ. ‘ಬೇಡ’ ಬಾಗಿಲ ಮುಂದೆ ನಿಂತ. ಮಳೆ ಶುರುವಾಯಿತು. ಗಾಳಿಗೆ ಛತ್ರಿ ಮಗುಚಿಕೊಂಡಿತು. ಆ ಬಾಗಿಲಿಗೆ ಸೂರಿರಲಿಲ್ಲ. ಹಿಂದಿನ ಸರ್ಕಾರ ಸುಧಾರಿಸಲೆಂದು ಕಿತ್ತಿತ್ತು, ಈಗಿನ ಸರ್ಕಾರ ಅದರ ಬಗ್ಗೆ ಆಲೋಚಿಸುತ್ತಿತ್ತು. ‘ಬೇಕು’ ಬಾಗಿಲಿಗೆ ಮಾತ್ರ ಹೊಸ ಸೂರು. ಮಳೆ ನಿಲ್ಲುವ ತನಕ ಎಂದುಕೊಂಡು ವರ್ತಕ ಅದರ ಕೆಳಗೆ ಹೋಗಿ ನಿಂತ.

ಆ ದೇಶದಲ್ಲಿ ಒಬ್ಬ ಬಾಗಿಲ ಮುಂದೆ ನಿಂತರೆ ಎರಡನೆಯವನು ಅವನ ಹಿಂದೆ ನಿಲ್ಲುತ್ತಾನೆ. ಯಾಕೆ ಎಂದು ಕೇಳುವುದು ಅಧಿಕಪ್ರಸಂಗ. ಸಾಲು ಮುರಿಯುವುದು ಮಹಾಪಾಪ.

ನಾಯಿ ಹಿಡಿದುಕೊಂಡು ಒಬ್ಬ ಹೆಂಗಸು ಬಂದಳು. ಅವಳಿಗೂ ಹಳೆಯ ಸಂತೆಯೇ ಬೇಕಾಗಿತ್ತು. ಆದರೆ ಚೀಸಿನವನೇ ‘ಬೇಕು’ ಎಂದು ನಿಂತ ಮೇಲೆ ಏನೋ ವಿಷಯ ಇರಬೇಕು ಎಂದುಕೊಂಡು ಅವನ ಹಿಂದೆ ನಿಂತಳು. ವರ್ತಕ ಓರೆಗಣ್ಣಿನಿಂದ ನೋಡಿದ. ಅಯ್ಯೋ, ಇವಳೂ ಮಂತ್ರಿಯ ಕಡೆಯೇ ಎಂದುಕೊಂಡ.

“ಮಳೆ,” ಎಂದಳು ಹೆಂಗಸು.

“ಹೌದು, ಮಳೆ,” ಎಂದ ವರ್ತಕ.

ಅಲ್ಲಿಗೆ ಚರ್ಚೆ ಮುಗಿಯಿತು. ಅಂಚೆಯವನು ಬಂದ, ಮೇಷ್ಟ್ರು ಬಂದರು, ಪಾದ್ರಿ ಬಂದರು. ಸಾಲು ಚರ್ಚನ್ನು ಸುತ್ತಿಕೊಂಡಿತು. ಒಳಗೊಳಗೇ ಎಲ್ಲರೂ ಹಳೆಯ ಸಂತೆಯವರು. ಹೊರಗೆ ಎಲ್ಲರೂ ಸುಧಾರಣೆಯವರು.

ಮಳೆ ನಿಂತಿತು. ‘ಬೇಕು’ ಬಾಗಿಲು ತೆರೆಯಿತು. ವರ್ತಕ ಆಚೆ ಬಾಗಿಲಿಗೆ ಹೋಗಲು ತಿರುಗಿದ.

“ಮುಂದೆ ನಡೀರಿ ಸ್ವಾಮಿ, ಹಿಂದೆ ಎಲ್ಲ ಕಾಯ್ತಾ ಇದ್ದಾರೆ,” ಎಂದಳು ನಾಯಿಯವಳು.

ಅವನ ತಾತ ಸಾಲು ಮುರಿದಿರಲಿಲ್ಲ. ಅಪ್ಪ ಮುರಿದಿರಲಿಲ್ಲ. ವರ್ತಕ “ಕ್ಷಮಿಸಿ” ಎಂದು ಒಳಗೆ ಹೋದ.

ಮಂತ್ರಿ ಅವನ ಕೈ ಕುಲುಕಿ, ಸುಧಾರಣೆ ಕೇಳಿದ ಮೊದಲ ಪ್ರಜೆ ಎಂದು ಹಾರ ಹಾಕಿದ. ಹೊಸ ಕಟ್ಟಡದಲ್ಲಿ ಮೊದಲ ಮಳಿಗೆ ಕೊಟ್ಟ. ಗುರುವಾರ ಬಂತು. ವರ್ತಕ ಅಲ್ಲಿ ಒಬ್ಬನೇ ಕೂತ. ಊರಿನವರು ಕಾಲಿನ ರೂಢಿಯಂತೆ ಚರ್ಚಿನ ಬಯಲಿಗೆ ಹೋಗಿ ಅವನ ಮುಚ್ಚಿದ ಅಂಗಡಿಯ ಮುಂದೆ ಸಾಲು ನಿಂತರು. ಅಂಗಡಿ ಯಾಕೆ ಮುಚ್ಚಿದೆ ಎಂದು ಯಾರೂ ಕೇಳಲಿಲ್ಲ. ಮಧ್ಯಾಹ್ನದ ತನಕ ನಿಂತು ಮನೆಗೆ ಹೋದರು. ಮುಂದಿನ ಗುರುವಾರ ಮತ್ತೆ ಬಂದರು. ಕೆಲವು ಚೀಸಿಗೆ ಬೂಷ್ಟು ಹಿಡಿದರೆ ಬೆಲೆ ಜಾಸ್ತಿಯಂತೆ. ಇವನದು ಆ ಜಾತಿಯದಲ್ಲ.

ಅಷ್ಟರಲ್ಲಿ ಚುನಾವಣೆಯಾಗಿ ಸರ್ಕಾರ ಬದಲಾಯಿತು. ಹೊಸ ಮಂತ್ರಿ ಆ ದಾರಿಯಲ್ಲಿ ಬಂದವನು ಸಾಲು ನೋಡಿ ಕಾರು ನಿಲ್ಲಿಸಿದ. “ನೋಡ್ರಿ, ಜನ ಇಲ್ಲೊಂದು ಸಂತೆ ಕೇಳ್ತಾ ಇದ್ದಾರೆ! ಇಷ್ಟು ದಿನ ಯಾರಿಗೂ ಹೊಳೆಯಲಿಲ್ಲವಲ್ಲ!” ಎಂದ. ಸುಧಾರಣೆ ಘೋಷಿಸಿದ. ವರ್ತಕನಿಗೆ ಅವನ ಮೂಲೆ ವಾಪಸ್ ಸಿಕ್ಕಿತು. ಅದರ ಖರ್ಚಿಗೆಂದು ತೆರಿಗೆಯೂ ಏರಿತು.

ಗುರುಮಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕ. “ಎಂಥಾ ಪೆದ್ದ ಜನ ಬುದ್ಧಿ! ಯಾಕೆ ನಿಂತಿದ್ದೀವಿ ಅಂತ ಒಬ್ಬನಾದ್ರೂ ಕೇಳಬಾರದಾ?”

ಗುರುಗಳು ಹೇಳಿದರು: “ಮಠ ಸೇರಿದ ದಿನ ನೀನು ಯಾರ ಹಿಂದೆ ನಿಂತಿದ್ದೆಯಪ್ಪಾ, ಗುರುಮಲ್ಲಾ?”



ಈಗ ನಿಜ ಹೇಳಿಬಿಡುತ್ತೇನೆ. ವರ್ತಕ “ಕ್ಷಮಿಸಿ” ಎಂದು ಒಳಗೆ ಹೋದನಲ್ಲ, ಆಗಲೇ ಊಟದ ಗಂಟೆ ಹೊಡೆದು ಗುರುಗಳು ಎದ್ದು ಹೋಗಿದ್ದರು. ನಾನು ಓಡಿಹೋಗಿ ಕಣ್ಣಿಗೆ ಬಿದ್ದ ಮೊದಲ ಸಾಲಿನಲ್ಲಿ ನಿಂತೆ. ಯಾರನ್ನೂ ಕೇಳಲಿಲ್ಲ. ಅದು ಕೊಪ್ಪರಿಗೆ ಉಜ್ಜುವವರ ಸಾಲು. ಆಮೇಲಿನ ಕತೆಯನ್ನೆಲ್ಲ, ಗುರುಗಳ ಕೊನೆಯ ಮಾತನ್ನೂ ಸೇರಿಸಿ, ಹುಣಸೆಹಣ್ಣು ಹಿಡಿದು ಉಜ್ಜುತ್ತಾ ನಾನೇ ಕಟ್ಟಿದ್ದು.