ಹೂಂ ಎಂದ ಮರಿ

ತಾಯಿಕೋಳಿ ಕಾಳು ಹೆಕ್ಕಿ ಮರಳುವಷ್ಟರಲ್ಲಿ ಬುಟ್ಟಿಯಲ್ಲಿ ಉಳಿದಿದ್ದ ಕೊನೆಯ ಮೊಟ್ಟೆ ಒಡೆದಿತ್ತು. ಕಿರಿಯ ಮರಿಯ ರೆಕ್ಕೆಗೆ ಲೋಳೆ ಮೆತ್ತಿತ್ತು. ಇನ್ನೇನು ಸಾಕ್ಷಿ ಬೇಕು?

“ಒಡೆದದ್ದು ನೀನೇ ತಾನೇ?” ಎಂದು ತಾಯಿ ಕುಕ್ಕಿತು.

ಮರಿ “ಹೂಂ” ಎಂದಿತು.

“ಬೇಕಂತಲೇ ತಾನೇ?”

“ಹೂಂ.”

“ಇನ್ನು ನನ್ನ ರೆಕ್ಕೆಯಡಿ ನಿನಗೆ ಜಾಗವಿಲ್ಲ. ಹದ್ದು ಬಂದರೆ ಬರಲಿ!”

ಬೇಲಿಯಾಚೆಯ ಬಾತುಕೋಳಿ ನಕ್ಕಿತು. “ಅಕ್ಕಾ, ಪ್ರಶ್ನೆಯಲ್ಲೇ ಉತ್ತರ ತುರುಕಿದರೆ ಕಲ್ಲೂ ಹೂಂ ಅನ್ನುತ್ತದೆ. ನೀನು ಬಾಯಿ ಮುಚ್ಚಿಕೊಂಡು, ನಡೆದದ್ದನ್ನು ಕೊನೆಯಿಂದ ಮೊದಲಿಗೆ ಹೇಳಿಸು. ಕಟ್ಟಿದ ಕಥೆ ಹಿಂದಕ್ಕೆ ನಡೆಯುವುದಿಲ್ಲ.”

ಮರಿ ಕಣ್ಣು ಮುಚ್ಚಿತು. “ಕೊನೆಗೆ ನೀನು ಕುಕ್ಕಿದೆ. ಅದಕ್ಕೆ ಮೊದಲು ಒಡೆದ ಮೊಟ್ಟೆಗೆ ನಾನು ರೆಕ್ಕೆ ಹೊದಿಸಿದ್ದೆ, ಒಳಗಿನ ತಮ್ಮನಿಗೆ ಚಳಿಯಾಗದಿರಲಿ ಅಂತ. ಅದಕ್ಕೆ ಮೊದಲು ಮೊಟ್ಟೆ ಚಟ್ಟೆಂದಿತು. ಅದಕ್ಕೆ ಮೊದಲು ಅಂಗಳದಲ್ಲಿ ಜೋಳ ಚೆಲ್ಲಿದ್ದು ಕಂಡು ನೀನು ಬುಟ್ಟಿಯಿಂದ ಹಾರಿದೆ, ನಿನ್ನ ಕಾಲು…” ಎಂದು ನಿಲ್ಲಿಸಿತು.

ಈ ಸಲ ಬಾತುಕೋಳಿ ನಗಲಿಲ್ಲ. ತಾಯಿ ತನ್ನ ಕಾಲು ನೋಡಿಕೊಂಡಿತು. ಉಗುರಿನ ಸಂದಿಯಲ್ಲಿ ಚಿಪ್ಪಿನ ಚೂರಿತ್ತು. ತಲೆ ಎತ್ತಲಾಗದೆ ರೆಕ್ಕೆ ಬಿಚ್ಚಿತು. ಮರಿ ಹತ್ತಿರ ಬರಲಿಲ್ಲ.

“ಕುಕ್ಕಬೇಡಮ್ಮ,” ಎಂದಿತು. “ಒಡೆದದ್ದು ನಾನೇ.”