ಗೀಜಗ ಕುಣಿಸಿದ ಮೊಸಳೆ

ಮಕ್ಕಳೇ, ಕೈಕಾಲು ತೊಳೆದು ಕುಳಿತಿದ್ದೀರಷ್ಟೆ? ದೇವರನ್ನು ನೆನೆದು ಹೇಳುತ್ತೇನೆ, ಕೇಳಿ.

ಒಂದು ಕಾಡಿನ ನಡುವೆ ಹುಲ್ಲುಕೆರೆ ಎಂಬ ಕೆರೆ. ಭಗವಂತ ಅದರಲ್ಲಿ ಮೀನುಗಳನ್ನು ಇಟ್ಟಿದ್ದ, ನೀರುನಾಯಿಗಳನ್ನು ಇಟ್ಟಿದ್ದ, ಒಂದು ಮೊಸಳೆಯನ್ನೂ ಇಟ್ಟಿದ್ದ. ಯಾಕೆ ಇಟ್ಟ ಎಂದು ನಾವು ಕೇಳಬಾರದು. ಮೊಸಳೆಯಿಂದ ನಾವು ದೂರ ಇರಬಹುದು, ಅದಕ್ಕೆ ಅವನ ಅಡ್ಡಿಯಿಲ್ಲ.

ಬೇಸಿಗೆ ಬಂದು ನೀರು ಇಳಿಯಿತು. ಮೊಸಳೆ ದಡದ ಹತ್ತಿರವೇ ಕೊರಡಿನ ಹಾಗೆ ತೇಲತೊಡಗಿತು. ಒಂದೇ ವಾರದಲ್ಲಿ ಎರಡು ಬಾತುಮರಿಗಳು ಮನೆಗೆ ಬರಲಿಲ್ಲ. ಹಿರಿಯರು ಆಲದ ಮರದ ಕೆಳಗೆ ಸೇರಿದರು.

"ಎಷ್ಟು ಹೇಳಿದರೂ ಮಕ್ಕಳು ಕಿವಿಗೆ ಹಾಕಿಕೊಳ್ಳುವುದಿಲ್ಲ," ಎಂದಳು ನೀರುನಾಯಿ ಸಣ್ಣಕ್ಕ. ಅವಳಿಗೆ ಇದ್ದವಳು ಒಬ್ಬಳೇ ಮಗಳು, ದ್ಯಾವಿ. "ಬೈದರೆ ಬಾಲ ತಿರುಗಿಸಿಕೊಂಡು ಹೋಗುತ್ತಾಳೆ."

"ಬೈದರೆ ಹೋಗುತ್ತಾರೆ, ಆಟ ಎಂದರೆ ಕೂರುತ್ತಾರೆ," ಎಂದ ಗೂಡು ನೇಯುವ ಹಕ್ಕಿ ಗೀಜಗ. "ನಾನೊಂದು ಜಾಲತಾಣ ಮಾಡಿಕೊಡುತ್ತೇನೆ. ಆಡುತ್ತ ಆಡುತ್ತ ಕಲಿಯಲಿ."

ಕಾಡಿನಲ್ಲಿ ಜಾಲತಾಣವೇ ಎನ್ನಬೇಡಿ. ಆ ಆಲದ ಬುಡದಲ್ಲಿ ಒಂದು ಪರದೆ ಇತ್ತು. ಪಂಜದಿಂದ ಮುಟ್ಟಿದರೆ ಬೆಳಗುತ್ತಿತ್ತು. ದೇವರ ದಯೆ ಎಲ್ಲಿಗೆ ತಲುಪುವುದಿಲ್ಲ?

ಗೀಜಗ ಒಳ್ಳೆಯ ಕಸುಬುದಾರ. ಹೊಗಳಿಕೆ ಮಾತ್ರ ಅವನಿಗೆ ಸ್ವಲ್ಪ ಹೆಚ್ಚು ರುಚಿ. ಹತ್ತು ದಿನ ಕೂತು ಆಟ ಕಟ್ಟಿದ. ಹನ್ನೊಂದನೆಯ ದಿನ ಕೂರ್ಮಜ್ಜಿಯನ್ನು ಕರೆದು ತೋರಿಸಿದ. ಕೂರ್ಮಜ್ಜಿ ಎಂದರೆ ಆ ಕೆರೆಯ ಹಿರಿಯ ಆಮೆ. ದೇವರೇ ಒಮ್ಮೆ ತನ್ನ ಕುಲದ ರೂಪ ತಾಳಿದ್ದನೆಂಬ ಜಂಬ ಅವಳಿಗೆ ಇರಲಿಲ್ಲ.

ಪರದೆಯ ಮೇಲೆ ಪ್ರಶ್ನೆ ಮೂಡಿತು: 'ನೀರಿನಲ್ಲಿ ಕೊರಡು ತೇಲುತ್ತಿದೆ. ಕೊರಡಿಗೆ ಕಣ್ಣಿದೆ. ಏನು ಮಾಡುವೆ?'

'ದಡಕ್ಕೆ ಹಿಂತಿರುಗುವೆ' ಎಂಬುದನ್ನು ಅಜ್ಜಿ ಮುಟ್ಟಿದಳು. ಒಂದು ಹಸಿರೆಲೆ ಬಂದು ತಲೆಯಾಡಿಸಿತು. ಅಷ್ಟೆ.

'ಹತ್ತಿ ಕೂರುವೆ' ಎಂಬುದನ್ನು ಮುಟ್ಟಿದಳು. ಮೊಸಳೆ ಎದ್ದು ನಿಂತಿತು, ನಾಲ್ಕೂ ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಕುಣಿಯಿತು, ಲಾಗ ಹಾಕಿ ಕೆಸರಿನಲ್ಲಿ ದಬಕ್ಕನೆ ಬಿತ್ತು.

"ಅಲ್ಲಪ್ಪ, ಸರಿ ಹೇಳಿದರೆ ಎಲೆ, ತಪ್ಪು ಹೇಳಿದರೆ ಕುಣಿತವೇ?"

"ತಪ್ಪು ಹೇಳಿದ ಮಗುವಿಗೆ ಬೇಸರವಾಗಬಾರದಲ್ಲ ಅಜ್ಜಿ. ಆ ಕುಣಿತ ಒಂದಕ್ಕೇ ಆರು ದಿನ ಹಿಡಿಯಿತು."

"ನೀನು ಗೂಡು ಕಟ್ಟಿದರೆ ನಿನ್ನ ಹೆಂಡತಿ ಒಳಗೆ ಹೋಗಿ ಎಳೆದು ನೋಡಿಯೇ ಒಪ್ಪುವುದು. ಇದನ್ನೂ ಒಂದು ಮಗುವಿನ ಕೈಗೆ ಕೊಟ್ಟು, ಏನು ಕಲಿತೆ ಅಂತ ಕೇಳು."

"ಗೂಡಿನ ಮಾತು ಬೇರೆ, ಇದು ಬೇರೆ," ಎಂದ ಗೀಜಗ. ಹೆಂಡತಿ ಒಪ್ಪದೆ ಬಿಟ್ಟ ಮೂರು ಗೂಡುಗಳು ಅವನ ಹಿಂದೆಯೇ ತೂಗುತ್ತಿದ್ದವು.

ಆಟ ಶುರುವಾಯಿತು. ಮರಿಗಳು ಸಾಲುಗಟ್ಟಿದವು. ಊಟಕ್ಕೆ ಕರೆದರೂ ಏಳಲಿಲ್ಲ. ನಕ್ಕು ನಕ್ಕು ಒಂದು ಮೊಲದ ಮರಿಗೆ ಬಿಕ್ಕಳಿಕೆ ಬಂತು.

"ಇವತ್ತು ಮುನ್ನೂರು ಸಲ ಆಡಿದ್ದಾರೆ," ಎಂದು ಗೀಜಗ ಕೊಂಬೆಯಿಂದ ಸಾರಿದ.

"ಎಷ್ಟು ಮಕ್ಕಳು ಸರಿ ಹೇಳಿದವು?" ಕೂರ್ಮಜ್ಜಿ ಕೇಳಿದಳು.

"ಅದನ್ನು ನೋಡಿಲ್ಲ."

ಮಕ್ಕಳೇ, ಒಂದೂ ಹೇಳಿರಲಿಲ್ಲ. ಕುಣಿತ ಬಿಟ್ಟು ಎಲೆ ನೋಡಲು ಯಾರಿಗೆ ಬೇಕು?

ಮರುದಿನ ಬೆಳಿಗ್ಗೆ ದ್ಯಾವಿ ಕೆರೆಗೆ ಇಳಿದಳು. ಒಂದು ಕೊರಡು ತೇಲುತ್ತಿತ್ತು. ಅದಕ್ಕೆ ಕಣ್ಣಿತ್ತು. ದ್ಯಾವಿ ಸಂತೋಷದಿಂದ ಈಜಿಹೋಗಿ ಹತ್ತಿ ಕುಳಿತಳು.

"ಹೂಂ, ಕುಣಿ ಮಾವ," ಎಂದಳು.

"ಏನು ಮಾಡಲಿ?" ಎಂದಿತು ಮೊಸಳೆ. ಇಷ್ಟು ವರ್ಷದಲ್ಲಿ ಊಟ ತಾನಾಗಿ ಬಂದು ಮಾತಾಡಿದ್ದನ್ನು ಅದು ಕಂಡಿರಲಿಲ್ಲ.

"ನಾನು ತಪ್ಪು ಮಾಡಿದ್ದೀನಿ. ಈಗ ನೀನು ಕುಣಿಯಬೇಕು."

"ಕುಣಿತ ನನಗೆ ಬರುವುದಿಲ್ಲ ಮಗು," ಎಂದಿತು ಮೊಸಳೆ. "ನನಗೆ ಬರುವುದು ಒಂದೇ ವಿದ್ಯೆ." ಹೀಗೆಂದು ಮೈ ಹೊರಳಿಸಿ ಅವಳನ್ನು ನೀರಿಗೆ ಕೆಡವಿ ಬಾಯಿ ತೆರೆಯಿತು.

ದಡದ ಬಂಡೆಯ ಮೇಲೆ ಕೂರ್ಮಜ್ಜಿ ಬಿಸಿಲು ಕಾಯಿಸುತ್ತಿದ್ದಳು. ಆಮೆ ನಿಧಾನ ಎಂದು ನೀವು ಕೇಳಿರಬಹುದು. ಅದು ನೆಲದ ಮೇಲಿನ ಮಾತು. "ನಾರಾಯಣ" ಎಂದು ನೀರಿಗೆ ಧುಮುಕಿದವಳು ನೇರವಾಗಿ ಮೊಸಳೆಯ ದವಡೆಯ ನಡುವೆ ಹೋಗಿ ಸಿಕ್ಕಿಕೊಂಡಳು. ಕಟಕ್ ಎಂದಿತು. ಮುರಿದದ್ದು ಅಜ್ಜಿಯ ಚಿಪ್ಪಲ್ಲ, ಮೊಸಳೆಯ ಎರಡು ಹಲ್ಲು. ಅದು ಬಾಯಿ ಬಿಟ್ಟು ಹಿಂದೆ ಸರಿಯಿತು. ಅಷ್ಟರಲ್ಲಿ ದ್ಯಾವಿಯ ಬಾಲದ ತುದಿ ಹೋಗಿತ್ತು, ದ್ಯಾವಿ ಉಳಿದಳು.

ಸಣ್ಣಕ್ಕ ಮಗಳ ಬಾಲಕ್ಕೆ ಸೊಪ್ಪಿನ ರಸ ಹಿಂಡುತ್ತಿದ್ದಾಗ ಗೀಜಗ ಬಂದು ನಿಂತ.

"ಯಾಕವ್ವ ಹತ್ತಿದೆ?" ಎಂದು ಕೇಳಿದ.

"ಹತ್ತಿದರೆ ತಾನೆ ಕುಣಿಯುವುದು?" ಎಂದಳು ದ್ಯಾವಿ. "ನೀವೇ ಕಲಿಸಿದಿರಿ."

ಸಣ್ಣಕ್ಕ ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತೇನೋ.

ಗೀಜಗ ಆರು ದಿನದ ಕೆಲಸವನ್ನು ಒಂದೇ ಗಳಿಗೆಯಲ್ಲಿ ಅಳಿಸಿದ. ಈಗ ಕೊರಡನ್ನು ಹತ್ತಿದರೆ ಪರದೆಯ ಮೇಲೆ ಬರೀ ನೀರು; ಯಾರೂ ಇಲ್ಲ, ಸದ್ದೂ ಇಲ್ಲ. ದಡಕ್ಕೆ ಹಿಂತಿರುಗಿದರೆ ಅಮ್ಮಂದಿರು, ಅಜ್ಜಂದಿರು, ಕಪ್ಪೆಗಳು ಎಲ್ಲರೂ ಸೊಂಟ ತಿರುಗಿಸಿ ಕುಣಿಯುವರು. ಯಾರಿಗೂ ತೋರಿಸುವ ಮೊದಲು ಅದನ್ನು ದ್ಯಾವಿಯ ಮುಂದಿಟ್ಟ.

ದ್ಯಾವಿ ಒಮ್ಮೆ ಕೊರಡನ್ನು ಮುಟ್ಟಿದಳು. ನೀರನ್ನು ಬಹಳ ಹೊತ್ತು ನೋಡಿದಳು. ಆಮೇಲೆ ದಡವನ್ನು ಮುಟ್ಟಿದಳು. ಅವಳ ಅಮ್ಮ ಕುಣಿಯತೊಡಗಿದ್ದನ್ನು ಕಂಡು ನಕ್ಕಳು.

"ಏನು ಕಲಿತೆ?" ಎಂದು ಗೀಜಗ ಕೇಳಿದ. ಉತ್ತರ ಬರುವವರೆಗೂ ಕಾದ.

"ಮನೆಗೆ ಬಂದರೆ ಅಮ್ಮನಿಗೆ ಖುಷಿಯಾಗುತ್ತದೆ," ಎಂದಳು ದ್ಯಾವಿ.

ಆ ಬೇಸಿಗೆಯಲ್ಲಿ ಮತ್ತೆ ಯಾವ ಮರಿಯೂ ಕಾಣೆಯಾಗಲಿಲ್ಲ. ಮೊಸಳೆ ಕಾದು ಕಾದು ಕೆಳಗಿನ ಹೊಳೆಗೆ ಹೋಯಿತು. ಹೊಟ್ಟೆ ಕೊಟ್ಟ ದೇವರು ಅದಕ್ಕೆ ಅಲ್ಲಿ ಮೀನು ಕೊಡಲಿ.

ನೀತಿ: ನಲಿವು ಎಲ್ಲಿದೆಯೋ ಮಗು ಅದನ್ನೇ ಕಲಿಯುತ್ತದೆ, ಕಲಿಸುವವರು ನಲಿವನ್ನು ಸರಿಯಾದ ದಾರಿಯಲ್ಲಿ ಇಡಬೇಕು, ಇಟ್ಟ ಮೇಲೆ ಮಗುವನ್ನೇ ಕೇಳಿ ನೋಡಬೇಕು.