ಒಲ್ಲೆಮ್ಮನ ಬಂಡೆ

ಕೆಂಗಲ್ಲಹಟ್ಟಿಯ ಹಿಂದಿನ ಹೆಬ್ಬಂಡೆಯನ್ನು ನಾವು ಒಲ್ಲೆಮ್ಮನ ಬಂಡೆ ಎನ್ನುತ್ತೇವೆ. ಮೇಲೆ ಗುಡಿಯಿಲ್ಲ, ಮೂರ್ತಿಯಿಲ್ಲ. ನಡುವೆ ಗುಳಿ ಬಿದ್ದ ಒಂದು ತೇಯುವ ಕಲ್ಲಿದೆ, ಅಷ್ಟೆ. ಬುಡದಲ್ಲಿ ಮುದಿ ಹಲಸಿನ ಮರಗಳು. ಅವುಗಳ ಕಾಂಡಕ್ಕೆ ಗೊರಸಿನಂತೆ ಅಂಟಿಕೊಂಡು, ಕಟ್ಟಿಗೆಯಷ್ಟೇ ಗಟ್ಟಿಯಾದ ಕಪ್ಪು ಅಣಬೆ ಬೆಳೆಯುತ್ತದೆ. ಬಂಡೆಗೆ ಹೆಸರು ಬಂದದ್ದು ಆ ಅಣಬೆಯ ದೆಸೆಯಿಂದ.

ಪಾಳೆಯಗಾರರು ಆಳುತ್ತಿದ್ದಾಗ ಇಲ್ಲಿ ಕದರಮ್ಮನೆಂಬ ಸೂಲಗಿತ್ತಿ ಇದ್ದಳಂತೆ. ಎಳೆಗೂಸಿನ ಬಾಯಿ ಹುಣ್ಣಾಗಿ ಮೊಲೆ ಹಿಡಿಯದಿದ್ದರೆ ಆಕೆ ಈ ಅಣಬೆಯನ್ನು ತಾಯಿಯ ಹಾಲಿನಲ್ಲಿ ತೇಯ್ದು ನಾಲಿಗೆಗೆ ಸವರುವಳು. ಕೂಸು ಮತ್ತೆ ಹಾಲು ಕುಡಿಯುತ್ತಿತ್ತು ಎನ್ನುತ್ತಾರೆ. ಸುದ್ದಿ ಹೋಗುತ್ತ ಹೋಗುತ್ತ ಬೆಳೆಯಿತು. ಕೋಟೆ ಮುಟ್ಟುವಾಗ ಅಣಬೆ ಸಕಲ ರೋಗಕ್ಕೂ ಮದ್ದಾಗಿತ್ತು. ಅಲ್ಲಿ ಪಾಳೆಯಗಾರ ಮುದ್ದನಾಯಕನ ತಾಯಿಗೆ ಕಣ್ಣು ಮಂಜಾಗುತ್ತಿತ್ತು. ತೇಯ್ದು ತಾಯಿಯ ಕಣ್ಣಿಗೆ ಬಿಡು ಎಂದ ನಾಯಕ. ಕದರಮ್ಮ "ಒಲ್ಲೆ" ಎಂದಳು. ಹೊಲ ಕೊಡುತ್ತೇನೆ ಎಂದ. "ಒಲ್ಲೆ, ಬುದ್ಧೀ."

ತಪ್ಪು ಮಾಡಿದವರ ತಲೆಗೆ ಕಲ್ಲು ಹೊರಿಸಿ ಬಿಸಿಲಿಗೆ ನಿಲ್ಲಿಸುವುದು ಅಂದಿನ ಶಿಕ್ಷೆ. ನಾಯಕ ಅವಳ ತೇಯುವ ಕಲ್ಲನ್ನೇ ಅವಳ ತಲೆಗೇರಿಸಿ, ಹೂಂ ಅನ್ನುವ ತನಕ ಈ ಬಂಡೆಯ ಮೇಲೆ ನಿಲ್ಲಿಸಿದ. ಕೆಳಗಿನಿಂದ ಗೆಳತಿಯೊಬ್ಬಳು ಗೋಗರೆದಳು: "ಒಂದು ತೊಟ್ಟು ಬಿಟ್ಟು ಬಂದ್‌ಬಿಡೇ, ನಿನ್ನ ಗಂಟೇನು ಹೋಗ್ತದೆ?" "ನನ್ನ ಗಂಟಲ್ಲ ಕಣೇ, ಆಯಮ್ಮನ ಕಣ್ಣು ಹೋಗ್ತದೆ!" ಈ ಮಾತು ಕೋಟೆಯೊಳಕ್ಕೂ ಹೋಯಿತು. ನಾಯಕನ ತಾಯಿ ಮೇನೆ ಏರಿ ತಾನೇ ಬಂದಳು. ಯಾಕೆ ಒಲ್ಲೆ ಎಂದು ಕೇಳಿದಳು. ಕತ್ತು ಅಲುಗಿಸಲಾಗದೆ ನಿಂತಿದ್ದ ಕದರಮ್ಮ ಹೇಳಿದಳು: "ತಾಯೀ, ಇದರಿಂದ ಕೂಸಿನ ಬಾಯಿ ವಾಸಿಯಾದದ್ದು ಕಂಡಿದೀನಿ. ಕಣ್ಣು ಬಂದದ್ದು ಕಂಡಿಲ್ಲ. ಕಾಣದ್ದನ್ನ ನಿಮ್ಮ ಕಣ್ಣಿಗೆ ಹೆಂಗೆ ಬಿಡ್ಲಿ?" ಮುದುಕಿ ನಕ್ಕುಬಿಟ್ಟು, ಜೊತೆಗೆ ಬಂದಿದ್ದ ಮಗನಿಗೆ ಹೇಳಿದಳಂತೆ: "ನಮ್ಮ ಕೋಟೆಯೋರು ನನ್ನ ಕಣ್ಣಿಗೆ ಸುಣ್ಣ ಬಿಡು ಅಂದಿದ್ರೂ ಹೂಂ ಅಂತಿದ್ರು. ಮುದ್ದಾ, ಕಲ್ಲು ಇಳಿಸೋ. ನೀನೇ ಇಳಿಸು!"

ನಾಯಕ ಇಳಿಸಿಟ್ಟ ಜಾಗದಲ್ಲೇ ಆ ಕಲ್ಲು ಇಂದಿಗೂ ಇದೆ. ಕದರಮ್ಮ ಅದನ್ನು ಮನೆಗೆ ಒಯ್ಯದೆ ಅಲ್ಲೇ ತೇಯುತ್ತ ಬಂದಳಂತೆ. ಗುಳಿ ಅಂಗೈ ಹಿಡಿಸುವಷ್ಟು ಆಳವಾಗಿದೆ. ಈಗ ಕಾರಿನಲ್ಲಿ ಬಂದು ಸಕ್ಕರೆ ಕಾಯಿಲೆಗೆ, ಮಂಡಿನೋವಿಗೆ, ಕ್ಯಾನ್ಸರಿಗೆ ಎಂದು ಅಣಬೆ ಕೇಳುವವರಿದ್ದಾರೆ. ಪ್ರಯೋಗಾಲಯದವರೂ ಒಂದು ಚೂರು ಒಯ್ದಿದ್ದಾರೆ. ಅವರು ಕಂಡದ್ದನ್ನು ಹೇಳಲಿ, ಕೇಳುತ್ತೇವೆ. ಅಲ್ಲಿಯವರೆಗೆ ನಮ್ಮೂರ ಹೆಂಗಸರು ಕೇಳುವುದು ಒಂದೇ: "ಕೂಸಿನ ಬಾಯಿಗಾ?" ಅಲ್ಲ ಎಂದವರು ಆ ಕಲ್ಲನ್ನು ನೋಡಿಕೊಂಡು ಬರಿಗೈಯಲ್ಲಿ ಇಳಿಯುತ್ತಾರೆ.